ಕಂಟ್ರೋಲ್ ಅಂದರೆ ಹತೋಟಿಯೋ, ಹಿಡಿತವೋ, ನಿರ್ಬಂಧವೋ? ಕೊಡಗಿನ ಬಳಕೆಗೊಂದು ಹೋಲಿಕೆ

ಶುಗರ್ ಕಂಟ್ರೋಲಲ್ಲಿದೆ. ಬೋರರ್ (ಕಾಫಿ ಗಿಡ ಕೊರೆಯುವ ಹುಳು) ಕಂಟ್ರೋಲಿಗೆ ಬಂತು. ಗಾಡಿ ಕಂಟ್ರೋಲ್ ತಪ್ಪಿತು. ಹುಡುಗ ಯಾರ ಕಂಟ್ರೋಲಿಗೂ ಸಿಗುತ್ತಿಲ್ಲ. ತೋಟ ಈಗ ತಮ್ಮನ ಕಂಟ್ರೋಲಿನಲ್ಲಿದೆ. ಗೋಣಿಕೊಪ್ಪದ ಸಂತೆಯಲ್ಲಾಗಲಿ ಕುಶಾಲನಗರದ ಬಸ್ ನಿಲ್ದಾಣದಲ್ಲಾಗಲಿ ಹತ್ತು ನಿಮಿಷ ನಿಂತರೆ ಈ ಐದೂ ಕಿವಿಗೆ ಬೀಳುತ್ತವೆ. ಮಾತಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ, ಎದುರಿಗಿರುವವರಿಗೆ ಸಂದರ್ಭ ಗೊತ್ತಿರುತ್ತದೆ. ತೊಡಕು ಬರುವುದು ಬರೆಯಲು ಕೂತಾಗ. ಪಂಚಾಯಿತಿಗೆ ಅರ್ಜಿ, ಅರಣ್ಯ ಇಲಾಖೆಗೆ ಮನವಿ, ಹೋಂಸ್ಟೇ ಗೋಡೆಯ ಸೂಚನೆ, ಪತ್ರಿಕೆಗೆ ಸುದ್ದಿ, ತೋಟದ ಕೆಲಸದ ಪಟ್ಟಿ ಇವೆಲ್ಲದರಲ್ಲೂ ಕಂಟ್ರೋಲ್ ತೆಗೆದು ಆ ಜಾಗಕ್ಕೆ ‘ನಿಯಂತ್ರಣ’ ಕೂರಿಸುವುದು ರೂಢಿಯಾಗಿದೆ. ಹಾಗೆ ಮಾಡಿದರೆ ವಾಕ್ಯವೇನೋ ಕನ್ನಡವಾಗುತ್ತದೆ, ಆದರೆ ಓದಿದವರಿಗೆ ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ.

ಕನ್ನಡದಲ್ಲಿ ಈ ಒಂದು ಪದದ ಕೆಲಸವನ್ನು ಹತ್ತಾರು ಮಾತುಗಳು ಹಂಚಿಕೊಂಡಿವೆ. ಆಯ್ಕೆಗೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ವಿಷಯ ಇನ್ನೂ ಶುರುವಾಗಿಲ್ಲವೋ, ಶುರುವಾಗಿ ಹಬ್ಬುತ್ತಿದೆಯೋ? ಅದನ್ನು ತಿರುಗಿಸುವ ಹಿಡಿ ಯಾರ ಕೈಯಲ್ಲಿದೆ, ಅಥವಾ ಹಿಡಿ ಎಂಬುದೇ ಇದೆಯೋ ಇಲ್ಲವೋ? ಇವೆರಡಕ್ಕೆ ಉತ್ತರ ಸಿಕ್ಕರೆ ಪದ ಮುಕ್ಕಾಲು ಪಾಲು ಸಿಕ್ಕ ಹಾಗೆ.

ನಿಯಂತ್ರಣ, ಹತೋಟಿ

ಹೆಚ್ಚು ಗೊಂದಲ ಇರುವುದು ಈ ಜೋಡಿಯಲ್ಲೇ. ನಿಘಂಟಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ, ಬಳಕೆಯಲ್ಲಿ ಬೇರೆ.

ನಿಯಂತ್ರಣ ಎನ್ನಲು ಒಂದು ನಿಯಮ, ಒಂದು ಅಳತೆ, ಅದನ್ನು ನಡೆಸುವ ಒಬ್ಬರು ಇರಬೇಕು. ಹಾರಂಗಿ ಜಲಾಶಯವನ್ನೇ ತೆಗೆದುಕೊಳ್ಳಿ. ಅದರ ಗರಿಷ್ಠ ಮಟ್ಟ 2,859 ಅಡಿ. ಒಳಹರಿವು ನೋಡಿಕೊಂಡು ಎಂಜಿನಿಯರುಗಳು ಗೇಟ್ ಎತ್ತಿ ಇಷ್ಟು ಕ್ಯುಸೆಕ್ ಎಂದು ನೀರು ಬಿಡುತ್ತಾರೆ. ಆದ್ದರಿಂದ ‘ಹೊರಹರಿವಿನ ನಿಯಂತ್ರಣ’ ಎಂಬ ಮಾತು ಸರಿಯಾಗಿ ಕೂರುತ್ತದೆ. ಅದೇ ಮಳೆಗಾಲದಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮ ಉಕ್ಕಿ ರಸ್ತೆಗೆ ಬಂದಾಗ ಅಲ್ಲಿ ಗೇಟೂ ಇಲ್ಲ, ಅಳೆದು ಬಿಡುವವರೂ ಇಲ್ಲ. ‘ಸಂಗಮದ ಪ್ರವಾಹ ನಿಯಂತ್ರಿಸಲು ಕ್ರಮ ಕೈಗೊಳ್ಳಿ’ ಎಂದು ಅರ್ಜಿ ಬರೆದರೆ ಆಗದ ಕೆಲಸವನ್ನು ಕೇಳಿದಂತಾಗುತ್ತದೆ. ದೋಣಿ ಬೇಕೋ, ಎತ್ತರದ ರಸ್ತೆ ಬೇಕೋ, ಕಾಳಜಿ ಕೇಂದ್ರ ಬೇಕೋ ಅದನ್ನೇ ಬರೆಯಬೇಕು. ಇಲ್ಲಿ ಹೊಂದುವ ಮಾತು ನಿರ್ವಹಣೆ. ಸರ್ಕಾರವೂ ವಿಪತ್ತಿಗೆ ‘ನಿರ್ವಹಣಾ ಪ್ರಾಧಿಕಾರ’ ಎಂದೇ ಹೆಸರಿಟ್ಟಿದೆ, ಮಾಲಿನ್ಯಕ್ಕೆ ‘ನಿಯಂತ್ರಣ ಮಂಡಳಿ’. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಹೊಳೆಗೆ ಹೋಗದಂತೆ ಮಿತಿ ಹಾಕಿ ಅಳೆಯಬಹುದು, ಆಗಸ್ಟಿನ ಮಳೆಗೆ ಮಿತಿ ಹಾಕಲಾಗದು.

ಹತೋಟಿಗೆ ನಿಯಮಪುಸ್ತಕ ಬೇಡ. ಆದರೆ ಏನೋ ಒಂದು ಓಡುತ್ತಿರಬೇಕು, ಹಬ್ಬುತ್ತಿರಬೇಕು, ಏರುತ್ತಿರಬೇಕು. ಅದನ್ನು ಅಷ್ಟಕ್ಕೇ ಹಿಡಿದು ನಿಲ್ಲಿಸಿದರೆ ಹತೋಟಿಗೆ ಬಂತು. ಬೇಸಿಗೆಯ ಕಾಡ್ಗಿಚ್ಚಿನ ಸುದ್ದಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ‘ಬೆಂಕಿ ಹತೋಟಿಗೆ ಬಂದಿದೆ’ ಎಂದರೆ ಅಂಚು ಮುಂದಕ್ಕೆ ಹರಿಯುತ್ತಿಲ್ಲ, ಒಳಗೆ ಇನ್ನೂ ಉರಿಯುತ್ತಿರಬಹುದು. ‘ಬೆಂಕಿ ನಂದಿದೆ’ ಎಂದರೆ ಕೆಲಸ ಮುಗಿದಿದೆ. ಈ ವ್ಯತ್ಯಾಸ ಅಳಿಸಿ ಸುದ್ದಿ ಬರೆದರೆ ಪಕ್ಕದ ತೋಟದವರು ಕಾವಲು ಬಿಟ್ಟು ಮನೆಗೆ ಹೋಗುತ್ತಾರೆ, ಗಾಳಿ ಎದ್ದರೆ ಒಣಗಿದ ದಿಮ್ಮಿಯಿಂದ ಕಿಡಿ ಮತ್ತೆ ಹಾರುತ್ತದೆ.

ಕಾಯಿಲೆಯಲ್ಲೂ ಹೀಗೆಯೇ. ಬಿ.ಪಿ., ಶುಗರ್ ‘ಕಂಟ್ರೋಲಿಗೆ ಬಂದಿದೆ’ ಎಂದು ವೈದ್ಯರು ಹೇಳಿದ್ದನ್ನು ‘ಗುಣವಾಗಿದೆ’ ಎಂದು ಕೇಳಿಸಿಕೊಂಡು ಮಾತ್ರೆ ಬಿಡುವವರು ಕಡಿಮೆಯಿಲ್ಲ. ಆರೋಗ್ಯ ಶಿಬಿರದ ಕರಪತ್ರ ಬರೆಯುವವರು ಹತೋಟಿ ಎಂಬ ಪದದ ಜೊತೆಗೆ ಅದು ಯಾವುದರಿಂದ ಎಂಬುದನ್ನೂ ಸೇರಿಸಬೇಕು: ‘ಮಾತ್ರೆಯಿಂದ ಹತೋಟಿಯಲ್ಲಿದೆ, ಮಾತ್ರೆ ನಿಲ್ಲಿಸಿದರೆ ಮತ್ತೆ ಏರುತ್ತದೆ.’ ಹೀಗೆ ಬರೆದರೆ ಓದಿದವರಿಗೆ ಅನುಮಾನ ಉಳಿಯುವುದಿಲ್ಲ.

ಹತೋಟಿಗೆ ಹತ್ತಿರದ ಇನ್ನೊಂದು ಮಾತು ತಹಬಂದಿ. ‘ಪರಿಸ್ಥಿತಿ ತಹಬಂದಿಗೆ ಬಂತು’ ಎಂದರೆ ಗಲಾಟೆ ತಣಿದು ಮಾಮೂಲಿಗೆ ಮರಳಿತು ಎಂದು. ಗಲಭೆ, ಬೆಲೆ, ಜ್ವರ ಈ ಮೂರಕ್ಕೂ ನಡೆಯುತ್ತದೆ. ಹೊಸಬರು ಕಡಿಮೆ ಬಳಸುತ್ತಾರೆ. ಬಿಟ್ಟುಕೊಡುವಂಥ ಪದ ಅಲ್ಲ.

ಗಾಡಿ ಬರೆಗೆ ಗುದ್ದಿದಾಗ

ಮಡಿಕೇರಿ–ಸಂಪಾಜೆ ದಾರಿಯ ಅಪಘಾತದ ಸುದ್ದಿ ಹೀಗಿರುತ್ತದೆ: ‘ಚಾಲಕನ ನಿಯಂತ್ರಣ ತಪ್ಪಿದ ಕಾರು ರಸ್ತೆ ಬದಿಯ ಬರೆಗೆ ಡಿಕ್ಕಿಯಾಗಿದೆ.’ (ಬರೆ ಎಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬ.) ವಾಕ್ಯ ಚೆನ್ನಾಗಿದೆ, ಅರ್ಥ ಕಾರಿಗೆ ಹತ್ತುತ್ತದೆ. ಅದರಲ್ಲಿ ಒಂದು ಅಕ್ಷರ ಬಿದ್ದು ‘ಚಾಲಕ ನಿಯಂತ್ರಣ ತಪ್ಪಿ’ ಎಂದಾದರೆ ಹತೋಟಿ ತಪ್ಪಿದ್ದು ಚಾಲಕನದೇ ಆಗುತ್ತದೆ, ಕುಡಿದಿದ್ದನೇನೋ ಎಂಬ ಗುಮಾನಿ ಹುಟ್ಟುತ್ತದೆ. ‘ನಿಯಂತ್ರಣ ಕಳೆದುಕೊಂಡು’ ಎಂಬುದು ಇಂಗ್ಲಿಷಿನಿಂದ ಬಂದ ಜಾಡು. ಕನ್ನಡದಲ್ಲಿ ನಿಯಂತ್ರಣವೂ ಹತೋಟಿಯೂ ತಪ್ಪುತ್ತವೆ ಅಥವಾ ಮೀರುತ್ತವೆ, ಕಳೆದುಹೋಗುವುದು ಪರ್ಸು. ಬ್ರೇಕ್ ಕೈಕೊಟ್ಟಿತ್ತು, ಟಯರ್ ಸಿಡಿದಿತ್ತು ಎಂದು ಗೊತ್ತಿದ್ದರೆ ಅದನ್ನೇ ಮುಂದಿಡುವುದು ಒಳ್ಳೆಯದು. ನಿಯಂತ್ರಣ ತಪ್ಪಿದ್ದು ಪರಿಣಾಮ, ಕಾರಣ ಬೇರೆ ಇರುತ್ತದೆ.

ಕೈಮೀರು, ಕೈತಪ್ಪು ಈ ಎರಡನ್ನು ಕಲಸಬಾರದು. ಪರಿಸ್ಥಿತಿ ಕೈಮೀರುತ್ತದೆ. ಅವಕಾಶ, ಆಸ್ತಿ, ಕೆಲಸ ಕೈತಪ್ಪುತ್ತವೆ.

ತೋಟದ ಪಟ್ಟಿಯಲ್ಲಿ ‘ನಿಯಂತ್ರಣ ಕ್ರಮಗಳು’

ಕಾಫಿ ಬೆಳೆಗಾರರಿಗೆ ಬರುವ ಸಲಹೆಗಳಲ್ಲಿ ‘ಬಿಳಿ ಕಾಂಡಕೊರಕ ನಿಯಂತ್ರಣ ಕ್ರಮಗಳು’ ಎಂಬ ತಲೆಬರಹದ ಕೆಳಗೆ ನಾಲ್ಕೈದು ಕೆಲಸ ಒಟ್ಟಿಗೆ ಇರುತ್ತವೆ. ಒಂದೊಂದು ಕೆಲಸದ ಗುಣವೂ ಬೇರೆ, ಮಾಡುವ ಕಾಲವೂ ಬೇರೆ. ಅರೇಬಿಕಾ ಗಿಡದ ಈ ದುಂಬಿ ಹಾರಾಡುವುದು ವರ್ಷಕ್ಕೆ ಎರಡು ಬಾರಿ, ಏಪ್ರಿಲ್–ಮೇ ತಿಂಗಳಲ್ಲಿ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹಾರಾಟಕ್ಕೆ ಮುಂಚೆ ಕಾಂಡದ ಮೇಲೆ ಉಬ್ಬುಗೆರೆ ಕಂಡ ಗಿಡ ಹುಡುಕಿ ಕಿತ್ತು ಸುಡುವುದು ನಾಶ. ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ಅದರ ಮೇಲೆ ಶೇ. 10ರ ಸುಣ್ಣದ ನೀರು, ಅಂದರೆ 200 ಲೀಟರಿಗೆ 20 ಕೆ.ಜಿ. ಸುಣ್ಣ, ಬಳಿಯುವುದು ತಡೆ, ಏಕೆಂದರೆ ದುಂಬಿ ಮೊಟ್ಟೆಯಿಡುವುದು ತೊಗಟೆಯ ಬಿರುಕಿನಲ್ಲಿ. ವಾಸನೆಯಿಂದ ದುಂಬಿಯನ್ನು ಸೆಳೆಯುವ ಫೆರೊಮೋನ್ ಬಲೆ ತೂಗುಹಾಕಿ ಎಷ್ಟು ಬಿದ್ದವು ಎಂದು ಎಣಿಸುವುದು ಮೊದಲು ನಿಗಾ, ಆಮೇಲೆ ಹತೋಟಿ. ನೆರಳು ಹೆಚ್ಚು ತೆಗೆಯದಂತೆ ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಮಾಡಿಸುವುದು ವರ್ಷವಿಡೀ ನಡೆಯುವ ನಿರ್ವಹಣೆ. ಬಿಸಿಲು ಬಿದ್ದ ಕಾಂಡ ಈ ಹುಳುವಿಗೆ ಇಷ್ಟ. ಇಷ್ಟನ್ನೂ ‘ನಿಯಂತ್ರಣ’ ಎಂದು ಒಂದೇ ಗಂಟು ಕಟ್ಟಿ ಮೇಸ್ತ್ರಿಯ ಕೈಗೆ ಕೊಟ್ಟರೆ ಅವರು ಯಾವುದನ್ನು ಮೊದಲು ಮಾಡಬೇಕು? ಸುಣ್ಣ ಬಳಿಯುವ ಕೆಲಸ ಜನವರಿಗೆ ಹೋಗುತ್ತದೆ, ಅಷ್ಟರಲ್ಲಿ ಮರಿಹುಳು ಕಾಂಡದೊಳಗೆ ಸೇರಿರುತ್ತದೆ.

ಎಲೆ ತುಕ್ಕು ರೋಗದಲ್ಲಿ ಪದದ ತಪ್ಪಿಗೆ ನೇರ ನಷ್ಟವಿದೆ. ಶೇ. 0.5ರ ಬೋರ್ಡೋ ದ್ರಾವಣ, ಅಂದರೆ 200 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ ಮತ್ತು ಒಂದು ಕೆ.ಜಿ. ಸುಣ್ಣ, ಎಲೆಯ ತಳಭಾಗಕ್ಕೆ ಕವಚದಂತೆ ಕೂತು ಶಿಲೀಂಧ್ರ ಒಳಹೋಗದಂತೆ ನೋಡಿಕೊಳ್ಳುತ್ತದೆ. ಒಳಹೋದ ರೋಗವನ್ನು ಅದು ವಾಸಿ ಮಾಡದು. ‘ತುಕ್ಕು ರೋಗ ನಿಯಂತ್ರಣಕ್ಕೆ ಬೋರ್ಡೋ ಸಿಂಪಡಿಸಿ’ ಎಂದು ಓದಿದವರು ಎಲೆಯಡಿ ಹಳದಿ ಪುಡಿ ಕಂಡ ಮೇಲೆ ಡ್ರಮ್ಮು ಕಲಸುತ್ತಾರೆ. ‘ತುಕ್ಕು ಬಾರದಂತೆ ತಡೆಯಲು ಮುಂಗಾರಿಗೆ ಮುಂಚೆಯೇ ಸಿಂಪಡಿಸಿ’ ಎಂದಿದ್ದರೆ ಈ ತಪ್ಪು ಆಗುವುದಿಲ್ಲ. ಕರಿಮೆಣಸಿನ ಸೊರಗು ರೋಗಕ್ಕೆ ಇದೇ ದ್ರಾವಣ ಶೇ. 1ರದ್ದು ಬೇಕು, ಅಂದರೆ ಅಷ್ಟೇ ಮೈಲುತುತ್ತ, ಸುಣ್ಣಕ್ಕೆ ನೀರು 100 ಲೀಟರ್. ಅಲ್ಲಿಯೂ ಮಾತು ತಡೆಯೇ.

ಕಾಫಿ ಹಣ್ಣನ್ನು ಕೊರೆಯುವ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಕೊಡಗಿಗೂ ಬಂತು, ಬಂದದ್ದು ಹೋಗಲಿಲ್ಲ. ಅದನ್ನು ‘ನಿರ್ಮೂಲನೆ’ ಮಾಡುತ್ತೇವೆ ಎಂದು ಬರೆಯುವುದು ಸುಳ್ಳು ಭರವಸೆ. ನೆಲಕ್ಕೆ ಉದುರಿದ ಹಣ್ಣು ಆಯ್ದು, ಗಿಡದಲ್ಲಿ ಉಳಿದದ್ದನ್ನೂ ಬಿಡಿಸಿ, ಕುಯ್ಲಿಗೆ ಚಾಪೆ ಹಾಸಿ, ಕೊಯ್ದದ್ದನ್ನು ಸರಿಯಾಗಿ ಒಣಗಿಸಿದರೆ ಹತೋಟಿಯಲ್ಲಿಡಬಹುದು, ಅಷ್ಟೇ. ಕೃಷಿ ವಿಜ್ಞಾನದವರು ಕೀಟ ‘ನಿಯಂತ್ರಣ’ ಬಿಟ್ಟು ‘ಸಮಗ್ರ ಕೀಟ ನಿರ್ವಹಣೆ’ ಎಂದು ಹೇಳತೊಡಗಿದ್ದಕ್ಕೂ ಕಾರಣ ಇದೇ. ಹುಳು ಇರುತ್ತದೆ, ನಷ್ಟ ತರುವ ಮಟ್ಟಕ್ಕೆ ಏರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಪ್ರಯೋಗದಲ್ಲಿ ಬರುವ ‘ಕಂಟ್ರೋಲ್’ ಇನ್ನೊಂದು ಜಾತಿ. ಹೊಸ ಗೊಬ್ಬರ ಹಾಕಿ ನೋಡುವಾಗ ಹಾಕದೆ ಬಿಟ್ಟ ಪಕ್ಕದ ಸಾಲು ಅದು. ಪಠ್ಯಗಳಲ್ಲಿ ‘ನಿಯಂತ್ರಿತ ತಾಕು’ ಎಂದು ಬರೆದದ್ದನ್ನು ಓದಿದರೆ ಅಲ್ಲಿಯೇ ಏನೋ ವಿಶೇಷ ಮಾಡಿದ್ದಾರೆ ಎನಿಸುತ್ತದೆ. ‘ಹೋಲಿಕೆಗೆ ಬಿಟ್ಟ ತಾಕು’ ಎಂದರೆ ಯಾರಿಗೂ ಅರ್ಥವಾಗುತ್ತದೆ.

ಕಾಡಾನೆಯ ಮನವಿ

ಸಿದ್ದಾಪುರ, ತಿತಿಮತಿ, ಚೆಟ್ಟಳ್ಳಿ ಕಡೆಯಿಂದ ಹೋಗುವ ಮನವಿಗಳಲ್ಲಿ ‘ಕಾಡಾನೆಗಳನ್ನು ನಿಯಂತ್ರಿಸಬೇಕು’ ಎಂಬ ಸಾಲು ತಪ್ಪದೆ ಇರುತ್ತದೆ. ಇಲಾಖೆಯ ದೃಷ್ಟಿಯಿಂದ ಈ ಸಾಲಿಗೆ ಅರ್ಥವೇ ಇಲ್ಲ, ಏಕೆಂದರೆ ಆನೆಯ ವಿಷಯದಲ್ಲಿ ಆಗಬಹುದಾದ ಕೆಲಸಗಳು ಬೇರೆಬೇರೆ ಅಧಿಕಾರಿಯ ಬಳಿ ಇವೆ.

ತೋಟದೊಳಗೆ ನಿಂತ ಆನೆಯನ್ನು ಪಟಾಕಿ ಸಿಡಿಸಿ, ಕೂಗು ಹಾಕಿ ಕಾಡಿಗೆ ಓಡಿಸುವುದು ‘ಕಾಡಿಗಟ್ಟುವುದು’. ಕೊಡಗಿನ ಪತ್ರಿಕೆಗಳಲ್ಲಿ ನೆಲೆನಿಂತ ಚೊಕ್ಕ ಕನ್ನಡ ಪದ ಇದು. ಸ್ಥಳೀಯ ಅರಣ್ಯ ಸಿಬ್ಬಂದಿಯೇ ಇದನ್ನು ಮಾಡುತ್ತಾರೆ. ಆನೆ ಬಾರದಂತೆ ಮಾಡುವುದು ‘ತಡೆ’: ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿಯ ತಡೆಗೋಡೆ. ಇದಕ್ಕೆ ಅನುದಾನ ಬೇಕು. ಕಟ್ಟಿದ ಮೇಲೆ ಕಂದಕದ ಮಣ್ಣು ಮಳೆಗೆ ಕುಸಿಯುತ್ತದೆ, ಬೇಲಿಯ ತಂತಿಗೆ ಹುಲ್ಲು ಬಳ್ಳಿ ತಾಗಿ ಕರೆಂಟು ನೆಲಕ್ಕಿಳಿದು ಬೇಲಿ ಸತ್ತುಹೋಗುತ್ತದೆ. ಆಗ ಕೇಳಬೇಕಾದದ್ದು ‘ನಿರ್ವಹಣೆ’. ಹೊಸ ಬೇಲಿ ಕೇಳಿದರೆ ವರ್ಷ ಕಳೆಯುತ್ತದೆ. ಜನರ ಜೀವಕ್ಕೆ ಎರವಾದ ಆನೆಯನ್ನು ‘ಸೆರೆ ಹಿಡಿಯುವುದು’ ಇನ್ನೊಂದೇ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಆನೆ ಇರುವುದರಿಂದ ಅದಕ್ಕೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕೇ ಬೇಕು. ಸೆರೆಯಾದ ಆನೆಯನ್ನು ಮರದ ದಿಮ್ಮಿಗಳ ಕ್ರಾಲ್ ಎಂಬ ದೊಡ್ಡಿಯೊಳಗೆ ಇಟ್ಟು ಮಾವುತ, ಕಾವಾಡಿಗಳು ಮಾಡುವ ಕೆಲಸ ‘ಪಳಗಿಸುವುದು’. ದುಬಾರೆ, ಮತ್ತಿಗೋಡು ಶಿಬಿರಗಳಲ್ಲಿ ಕೇಳುವ ಮಾತು ಇದೇ.

ಹಾಗಾಗಿ ಮನವಿಯ ಸಾಲು ಹೀಗಿರಲಿ: ‘ಇಂಥ ಪೈಸಾರಿಯ ಪಕ್ಕದ ಕಂದಕ ಇಷ್ಟು ಮೀಟರ್ ಮುಚ್ಚಿದೆ, ಹೂಳು ತೆಗೆಸಿ. ಅಲ್ಲಿಯವರೆಗೆ ರಾತ್ರಿ ಆನೆಗಳನ್ನು ಕಾಡಿಗಟ್ಟಲು ಸಿಬ್ಬಂದಿ ಕಳಿಸಿ.’ (ಪೈಸಾರಿ ಎಂದರೆ ಸರ್ಕಾರಿ ಜಾಗ.) ಒಂದು ಅರ್ಜಿಯಲ್ಲಿ ಎರಡು ಕೆಲಸ, ಎರಡೂ ಆ ವಲಯದಲ್ಲೇ ಆಗುವಂಥವು. ಇಂಥ ಅರ್ಜಿಯನ್ನು ಪಕ್ಕಕ್ಕಿಡುವುದು ಕಷ್ಟ.

ತಡೆ, ನಿರ್ಬಂಧ, ನಿಷೇಧ

ನಿಷೇಧ ಎಂದರೆ ಪೂರಾ ಇಲ್ಲ. ನಿರ್ಬಂಧ ಎಂದರೆ ಷರತ್ತಿನೊಂದಿಗೆ ಇದೆ: ಹೊತ್ತು, ತೂಕ, ಸಂಖ್ಯೆ, ಜಾಗ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಕೆಲವು ವಸ್ತುಗಳಿಗೆ 2022ರ ಜುಲೈ 1ರಿಂದ ದೇಶಾದ್ಯಂತ ಇರುವುದು ನಿಷೇಧ. ಮಳೆಗಾಲದಲ್ಲಿ ಘಾಟಿ ರಸ್ತೆಯಲ್ಲಿ ಇಷ್ಟು ಟನ್ನಿಗಿಂತ ಹೆಚ್ಚು ತೂಕದ ಲಾರಿ ಬೇಡ ಎಂದರೆ ನಿರ್ಬಂಧ, ಯಾವ ವಾಹನವೂ ಬೇಡ ಎಂದರೆ ನಿಷೇಧ. ಬರೆ ಕುಸಿದು ದಾರಿ ಮುಚ್ಚಿಹೋಗಿದ್ದರೆ ಎರಡೂ ಅಲ್ಲ, ಅಲ್ಲಿ ‘ಸಂಚಾರ ಸ್ಥಗಿತ’. ಈ ಮೂರನ್ನು ಅದಲುಬದಲು ಮಾಡಿ ವಾಟ್ಸ್ಆ್ಯಪಿಗೆ ಬಿಟ್ಟರೆ ಸುಳ್ಯದಿಂದ ಹೊರಟವರು ಸಂಪಾಜೆಯಲ್ಲಿ ತಿರುಗಿ ಹೋಗುತ್ತಾರೆ, ಕಾರು ಬಿಡುತ್ತಿದ್ದರೂ.

ನಿರ್ಬಂಧವನ್ನು ವಿಧಿಸುತ್ತಾರೆ, ಸಡಿಲಿಸುತ್ತಾರೆ, ತೆರವುಗೊಳಿಸುತ್ತಾರೆ. ‘ಹೇರುತ್ತಾರೆ’ ಎಂದರೆ ಬರೆದವರಿಗೆ ಅದು ಇಷ್ಟವಿಲ್ಲ ಎಂದು ಅರ್ಥ. ಸರ್ಕಾರಿ ಪ್ರಕಟಣೆಗೆ ಅದು ಹೊಂದದು, ಸಂಪಾದಕೀಯಕ್ಕೆ ಹೊಂದುತ್ತದೆ. ಮೊದಲು 144ನೇ ಸೆಕ್ಷನ್ ಎಂದು ಕರೆಯುತ್ತಿದ್ದ ಆಜ್ಞೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್‌ಗೆ ಹೋಗಿದೆ. ಅದನ್ನು ನಿಷೇಧಾಜ್ಞೆ ಎನ್ನಿ, ಪ್ರತಿಬಂಧಕಾಜ್ಞೆ ಎನ್ನಿ, ‘ನಿಯಂತ್ರಣಾಜ್ಞೆ’ ಎಂಬುದು ಮಾತ್ರ ಇಲ್ಲ.

ವಿನಾಯಿತಿಯನ್ನೂ ಇಲ್ಲೇ ಹೇಳಬೇಕು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಲಾಗಿದೆ. ಹೊರಗಿನವರು ಇದನ್ನು ‘ಕೊಡಗಿನಲ್ಲಿ ಬಂದೂಕಿಗೆ ನಿಯಂತ್ರಣವಿಲ್ಲ’ ಎಂದು ಬರೆದುಬಿಡುತ್ತಾರೆ. ವಿನಾಯಿತಿಗೂ ಷರತ್ತುಗಳಿವೆ, ಅವಧಿಯಿದೆ. ನಿಯಂತ್ರಣ ಇರುವುದರಿಂದಲೇ ಅದಕ್ಕೆ ವಿನಾಯಿತಿ ಎಂದು ಹೆಸರು.

ಹಿಡಿತ, ವಶ, ಸ್ವಾಧೀನ, ಸುಪರ್ದಿ

ನಿಯಂತ್ರಣ ನಿಯಮದಿಂದ ಬರುತ್ತದೆ, ಹಿಡಿತ ಬಲದಿಂದ ಬರುತ್ತದೆ. ಕಾಫಿ ಮಾರಾಟದ ಚರಿತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. 1942ರ ಕಾಯ್ದೆಯಡಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಹಾಕಬೇಕಿತ್ತು, ಮಾರುತ್ತಿದ್ದದ್ದು ಮಂಡಳಿ. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಬೆಳೆಗಾರರಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು. ಆ ಹಿಂದಿನ ಸ್ಥಿತಿ ‘ಮಂಡಳಿಯ ನಿಯಂತ್ರಣ’. ಇವತ್ತು ಬೆಲೆ ಏರಿಳಿಯುವಾಗ ಕೆಲವರ ಕೈ ಮೇಲಿದೆ ಎನ್ನಬೇಕಾದರೆ ‘ಮಾರುಕಟ್ಟೆಯ ಮೇಲೆ ದೊಡ್ಡ ವ್ಯಾಪಾರಿಗಳ ಹಿಡಿತ’ ಎನ್ನಬೇಕು, ಅಲ್ಲಿ ನಿಯಮ ಯಾವುದೂ ಇಲ್ಲ. ಹಿಡಿತ ಸಾಧಿಸುತ್ತಾರೆ, ಬಿಗಿಗೊಳಿಸುತ್ತಾರೆ, ಅದು ಸಡಿಲವಾಗುತ್ತದೆ. ಭಾಷೆಯ ಮೇಲೆ, ಹಾಕಿ ಚೆಂಡಿನ ಮೇಲೆ, ಸ್ಟೇರಿಂಗಿನ ಮೇಲೆ ಇರುವುದೂ ಹಿಡಿತವೇ. ಖರ್ಚಿನಲ್ಲಿ ಹಿಡಿತ ಎಂದರೆ ಮೆಚ್ಚುಗೆ, ಕೈ ಬಿಗಿ ಎಂದರೆ ಸ್ವಲ್ಪ ಆಕ್ಷೇಪಣೆ.

‘ತೋಟ ತಮ್ಮನ ಕಂಟ್ರೋಲಿನಲ್ಲಿದೆ’ ಎಂಬ ವಾಕ್ಯಕ್ಕೆ ಕನಿಷ್ಠ ಮೂರು ಅರ್ಥ. ಕೆಲಸ ನೋಡಿಕೊಳ್ಳುವುದು ಅವನು ಎಂದಾದರೆ ‘ಉಸ್ತುವಾರಿ’. ಜಾಗದಲ್ಲಿ ಕೂತು ಅನುಭವಿಸುತ್ತಿರುವುದು ಅವನು ಎಂದಾದರೆ ‘ಸ್ವಾಧೀನ’. ಪಾಲುಪಟ್ಟಿಯಾಗುವವರೆಗೆ ನೋಡಿಕೋ ಎಂದು ಒಪ್ಪಿಸಿದ್ದು ಎಂದಾದರೆ ‘ಸುಪರ್ದಿ’. ಮೂರರಲ್ಲಿ ಯಾವುದೂ ಮಾಲೀಕತ್ವದ ಹಕ್ಕಲ್ಲ, ಆದರೆ ಕೋರ್ಟಿನಲ್ಲಿ ಮೂರಕ್ಕೂ ತೂಕ ಬೇರೆ. ಅಣ್ಣತಮ್ಮಂದಿರ ನಡುವಿನ ಕಾಗದದಲ್ಲಿ ‘ನಿಯಂತ್ರಣದಲ್ಲಿದೆ’ ಎಂದು ಬರೆದು ಸಹಿ ಹಾಕಬೇಡಿ. ಅದನ್ನು ಇಬ್ಬರೂ ತಮಗೆ ಬೇಕಾದಂತೆ ಓದುತ್ತಾರೆ.

ಪೊಲೀಸರು ‘ವಶಕ್ಕೆ ಪಡೆದರು’ ಎಂಬುದಕ್ಕೂ ‘ಬಂಧಿಸಿದರು’ ಎಂಬುದಕ್ಕೂ ಇರುವ ಅಂತರ ಸುದ್ದಿ ಬರೆಯುವವರಿಗೆ ಗೊತ್ತಿರಲೇಬೇಕು. ವಿಚಾರಣೆಗೆ ಕರೆದುಕೊಂಡು ಹೋದವರನ್ನು ಬಂಧಿತರು ಎಂದು ಬರೆದರೆ ಮಾನಹಾನಿ. ಇತಿಹಾಸದಲ್ಲೂ ಹೀಗೆ ಪದ ಆರಿಸಿಕೊಳ್ಳಬೇಕು: 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು, ಅಲ್ಲಿಂದ ಮುಂದೆ ನಡೆದದ್ದು ಆಡಳಿತ, 1956ರ ನವೆಂಬರ್ 1ರಂದು ಆದದ್ದು ಮೈಸೂರು ರಾಜ್ಯದಲ್ಲಿ ವಿಲೀನ. ಮೂರಕ್ಕೂ ‘ನಿಯಂತ್ರಣ’ ಎಂದರೆ ಚರಿತ್ರೆ ಸಪ್ಪೆ.

ಲಗಾಮು, ಕಡಿವಾಣ, ಮೂಗುದಾರ, ಅಂಕುಶ

ನಾಲ್ಕೂ ಪ್ರಾಣಿಯನ್ನು ಅಂಕೆಯಲ್ಲಿಡುವ ಸಾಮಾನು. ಕಡಿವಾಣ ಕುದುರೆಯ ಬಾಯೊಳಗಿನ ಕಬ್ಬಿಣ, ಲಗಾಮು ಕೈಗೆ ಬರುವ ಬಾರು ಸೇರಿದ್ದು, ಮೂಗುದಾರ ಎತ್ತಿಗೆ, ಅಂಕುಶ ಆನೆಗೆ. ಸುದ್ದಿಯ ತಲೆಬರಹದಲ್ಲಿ ಲಗಾಮೂ ಕಡಿವಾಣವೂ ಒಂದೇ ಎಂಬಂತೆ ಬಳಕೆಯಾಗುತ್ತವೆ, ಅದಕ್ಕೆ ತಕರಾರಿಲ್ಲ. ಆದರೆ ಎರಡನ್ನೂ ‘ಹಾಕುವುದು’ ಆಗಲೇ ಮಿತಿ ಮೀರಿ ಓಡುತ್ತಿರುವುದಕ್ಕೆ: ಜೀಪು ಬಾಡಿಗೆ ದರ, ಅಕ್ರಮ ಮರಳು, ರೆಸಾರ್ಟಿನ ರಾತ್ರಿಯ ಡಿ.ಜೆ. ಇನ್ನೂ ಶುರುವಾಗದ ಯೋಜನೆಗೆ ‘ಕಡಿವಾಣ ಹಾಕಿ’ ಎನ್ನಲಾಗದು, ಅಲ್ಲಿ ‘ತಡೆ’ ಸಾಕು. ಮೂಗುದಾರ ಹಾಕುವುದರಲ್ಲಿ ಸ್ವಲ್ಪ ಗೇಲಿಯಿದೆ. ಮನುಷ್ಯರಿಗೆ, ಅದರಲ್ಲೂ ಮದುವೆಯ ಹಾಸ್ಯದಲ್ಲಿ ಕೇಳಬಹುದು, ಪ್ರಕಟಣೆಯಲ್ಲಿ ಬೇಡ. ಅಂಕುಶ ನೇರವಾಗಿ ಅಪರೂಪ, ಅದು ಬದುಕಿರುವುದು ‘ನಿರಂಕುಶ’ದಲ್ಲಿ.

ಅಂಕೆ ಮಾತ್ರ ಇನ್ನೂ ಮನೆಮಾತು. ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು ಎಂಬ ಗಾದೆ ಗೊತ್ತಿಲ್ಲದವರಿಲ್ಲ. ಮಕ್ಕಳು, ನಾಲಿಗೆ, ಕೈಯ ಖರ್ಚು ಅಂಕೆಯಲ್ಲಿರುತ್ತವೆ ಅಥವಾ ಅಂಕೆ ಮೀರುತ್ತವೆ. ಯಂತ್ರಕ್ಕೆ, ರೋಗಕ್ಕೆ ಇದು ಒಗ್ಗದು. ಸ್ವಂತ ಬುದ್ಧಿ ಇರುವುದಕ್ಕೇ ಅಂಕೆ ಬೇಕು.

ಹದ್ದುಬಸ್ತು ಇದೇ ಮನೆಯ ಗಟ್ಟಿ ಪದ. ಸರ್ವೆ ಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಮೋಜಣಿದಾರರು ಬಂದು ಗಡಿ ಗುರುತಿಸಿ ಕೊಡುತ್ತಾರೆ. ‘ಹದ್ದುಬಸ್ತಿನಲ್ಲಿಡು’ ಎಂಬ ಮಾತಿನಲ್ಲೂ ಗೆರೆ ಎಳೆದು ಇದರಾಚೆ ದಾಟಬೇಡ ಎನ್ನುವ ಅರ್ಥವೇ ಇದೆ. ಪ್ರವಾಸಿಗರ ಗಲಾಟೆಗೆ, ಪುಂಡರಿಗೆ ಇದು ‘ನಿಯಂತ್ರಿಸು’ವುದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ.

ತನ್ನನ್ನು ತಾನು

ಇಲ್ಲಿ ಕನ್ನಡಕ್ಕೆ ನಾಮಪದವೇ ಬೇಡ. ನಗು ತಡೆಯಲಾಗಲಿಲ್ಲ, ಅಳು ನುಂಗಿಕೊಂಡಳು, ಕೋಪ ಅದುಮಿಕೊಂಡ, ನಾಲಿಗೆ ಬಿಗಿಹಿಡಿ. ‘ನಿನ್ನ ಕೋಪವನ್ನು ನಿಯಂತ್ರಿಸು’ ಎಂದು ಯಾರೂ ಮನೆಯಲ್ಲಿ ಹೇಳುವುದಿಲ್ಲ, ಡಬ್ ಆದ ಸೀರಿಯಲ್ಲಿನಲ್ಲಿ ಹೇಳುತ್ತಾರೆ. ತಮ್ಮನಿಗಾದರೆ ‘ಸ್ವಲ್ಪ ತಡ್ಕೋ’, ಅಣ್ಣನಿಗಾದರೆ ‘ಸಮಾಧಾನ ಮಾಡ್ಕೊಳ್ಳಿ ಅಣ್ಣ’. ಬರಹದಲ್ಲಿ ಸಂಯಮ ಎಂಬುದು ಗುಣ, ನಿಗ್ರಹ ಎಂಬುದು ಬಲಪ್ರಯೋಗ. ‘ನಕ್ಸಲ್ ನಿಗ್ರಹ ಪಡೆ’ಯಲ್ಲೂ ‘ಇಂದ್ರಿಯ ನಿಗ್ರಹ’ದಲ್ಲೂ ಅದೇ ಬಲ. ಪ್ರತಿಭಟನೆಯನ್ನು ‘ಹತ್ತಿಕ್ಕಿದರು’ ಎಂದರೆ ಬರೆದವರು ಪ್ರತಿಭಟನೆಕಾರರ ಕಡೆ, ‘ಹತೋಟಿಗೆ ತಂದರು’ ಎಂದರೆ ಪೊಲೀಸರ ಕಡೆ. ಕಡೆ ಸೇರಲು ಇಷ್ಟವಿಲ್ಲದ ವರದಿಗಾರರು ‘ಚದುರಿಸಿದರು’ ಎಂದು ಬರೆದು, ಲಾಠಿ ಬೀಸಿದ್ದರೆ ಅದನ್ನೂ ಸೇರಿಸುತ್ತಾರೆ.

ಇಂಗ್ಲಿಷಿನಲ್ಲೇ ಬರೆಯಬೇಕಾದಾಗ

ಹೋಂಸ್ಟೇ, ಎಸ್ಟೇಟು, ಸೈನ್ಯದ ಪಿಂಚಣಿ ಎಂದು ಇಂಗ್ಲಿಷ್ ಪತ್ರ ಬರೆಯುವ ಪ್ರಸಂಗ ಇಲ್ಲಿ ಹೆಚ್ಚು. ಆ ಭಾಷೆಯ ಕಂಟ್ರೋಲ್ ಹುಟ್ಟಿದ್ದು ಲೆಕ್ಕದಲ್ಲಿ. ಮಧ್ಯಯುಗದ ಲ್ಯಾಟಿನ್ನಿನ ‘ಕಾಂಟ್ರಾರೋಟುಲಸ್’ ಎಂದರೆ ಲೆಕ್ಕದ ಸುರುಳಿಗೆ ತಾಳೆ ನೋಡಲು ಇಟ್ಟ ಜೋಡಿ ಸುರುಳಿ, ಅದು ಫ್ರೆಂಚ್ ಹಾದು ಬಂತು. ಪಾಸ್‌ಪೋರ್ಟ್ ಕಂಟ್ರೋಲ್, ಕ್ವಾಲಿಟಿ ಕಂಟ್ರೋಲ್‌ಗಳಲ್ಲಿ ಆ ತಪಾಸಣೆಯ ಅರ್ಥ ಇವತ್ತಿಗೂ ಇದೆ. ಕುಶಾಲನಗರ ಬಳಿಯ ಕೂಡ್ಲೂರಿನಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೇವಾಂಶ ಮೀಟರು ಹಿಡಿದು, ಔಟ್‌ಟರ್ನ್ (ಒಣಗಿದ ಕಾಯಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ) ಲೆಕ್ಕ ಹಾಕುವವರು ಯಾವುದನ್ನೂ ತಡೆಯುತ್ತಿಲ್ಲ, ತಾಳೆ ನೋಡುತ್ತಿದ್ದಾರೆ. ಕನ್ನಡದಲ್ಲಿ ಆ ವಿಭಾಗಕ್ಕೆ ಗುಣಮಟ್ಟ ನಿಯಂತ್ರಣ ಎನ್ನಿ, ಆ ಕೆಲಸಕ್ಕೆ ತಪಾಸಣೆ ಎನ್ನಿ.

ಅದರ ನೆಂಟರಲ್ಲಿ ರೆಗ್ಯುಲೇಟ್ ಎಂದರೆ ನಿಯಮ ಹಾಕಿ ನಡೆಸುವುದು, ನಮ್ಮ ನಿಯಂತ್ರಣಕ್ಕೆ ಎಲ್ಲಕ್ಕಿಂತ ಹತ್ತಿರ. ತೋಟದ ನೆರಳಿಗೆ ‘ಶೇಡ್ ರೆಗ್ಯುಲೇಶನ್’ ಎನ್ನುವುದು ಸರಿ, ‘ಶೇಡ್ ಕಂಟ್ರೋಲ್’ ಎಂದರೆ ನೆರಳೇ ಶತ್ರು ಎನಿಸುತ್ತದೆ. ಮ್ಯಾನೇಜ್ ಎಂದರೆ ನಿಭಾಯಿಸುವುದು. ಕರ್ಬ್ ಕಡಿವಾಣ, ಅದೂ ಕುದುರೆಯದ್ದೇ. ಚೆಕ್ ಎಂದರೆ ಮುನ್ನುಗ್ಗುವುದಕ್ಕೆ ಅಡ್ಡ ನಿಲ್ಲುವುದು. ಕಂಟೈನ್ ಎಂದರೆ ಗೆರೆಯೊಳಗೆ ಉಳಿಸುವುದು: ಬೆಂಕಿ, ಸೋಂಕು. ರಿಸ್ಟ್ರೇನ್ ಎಂದರೆ ಮೈಮುಟ್ಟಿಯೋ ಕೋರ್ಟಿನಿಂದಲೋ ಹಿಡಿದು ನಿಲ್ಲಿಸುವುದು, ಅತಿಥಿಗಳಿಗೆ ಬರೆದ ಸೂಚನೆಯಲ್ಲಿ ಇದು ಹೆದರಿಸುತ್ತದೆ.

ತಪ್ಪುವುದು ಎಲ್ಲಿ ಎಂದರೆ ನಮ್ಮ ‘ಮೇಲೆ’ ಎಂಬ ಮಾತು ಇಂಗ್ಲಿಷಿಗೂ ಜೊತೆಗೆ ಬರುತ್ತದೆ. ಕಂಟ್ರೋಲ್ ಕ್ರಿಯಾಪದವಾದಾಗ ಅದರ ಹಿಂದೆ ‘ಆನ್’, ‘ಓವರ್’ ಯಾವುದೂ ಬೇಡ. ನಾಮಪದವಾದಾಗ ‘ಓವರ್’ ಅಥವಾ ‘ಆಫ್’ ಬರುತ್ತದೆ. ‘ಇನ್ ಕಂಟ್ರೋಲ್’ ಎಂದರೆ ನಡೆಸುವವರು, ‘ಅಂಡರ್ ಕಂಟ್ರೋಲ್’ ಎಂದರೆ ಅವರ ಹತೋಟಿಗೆ ಒಳಗಾದ ವಸ್ತು. ಬೆಂಕಿ ‘ಇನ್ ಕಂಟ್ರೋಲ್’ ಎಂದು ಬರೆದರೆ ಊರನ್ನು ಆಳುತ್ತಿರುವುದು ಬೆಂಕಿ ಎಂದಾಗುತ್ತದೆ. ಭೂತಕಾಲದಲ್ಲೂ ‘ಇಂಗ್’ ಸೇರುವಾಗಲೂ ಕೊನೆಯ ಎಲ್ ಅಕ್ಷರ ಎರಡಾಗುತ್ತದೆ.

ಹಾಗೇ ಬಿಡಬೇಕಾದ ಕಡೆ, ಮತ್ತು ಕಾಗುಣಿತ

ಕಂಪ್ಯೂಟರಿನ ಕಂಟ್ರೋಲ್ ಕೀ, ಟಿ.ವಿ. ರಿಮೋಟ್, ಸ್ಪ್ರೇಯರಿನ ಕಂಟ್ರೋಲ್ ವಾಲ್ವ್ ಇವನ್ನು ಕನ್ನಡಿಸಲು ಹೋಗಬೇಡಿ, ಅಂಗಡಿಯಲ್ಲಿ ಸಾಮಾನು ಸಿಗುವುದಿಲ್ಲ. ‘ಕಂಟ್ರೋಲ್ ರೂಂ’ ಮತ್ತು ‘ನಿಯಂತ್ರಣ ಕೊಠಡಿ’ ಎರಡೂ ನಡೆಯುತ್ತವೆ; ಮಳೆಗಾಲದ ಸಹಾಯವಾಣಿ ಸೂಚನೆಯಲ್ಲಿ ಎರಡನ್ನೂ ಹಾಕಿದರೆ ಒಳ್ಳೆಯದು, ಗಾಬರಿಯಲ್ಲಿ ಹುಡುಕುವವರ ಕಣ್ಣಿಗೆ ಯಾವುದಾದರೂ ಒಂದು ಬೀಳುತ್ತದೆ. ಬಸ್ ನಿಲ್ದಾಣದ ‘ಸಂಚಾರ ನಿಯಂತ್ರಕರು’ ಎಂಬ ಫಲಕ ಹೇಗೂ ಎಲ್ಲರಿಗೂ ರೂಢಿ.

ಫಲಕ ಬರೆಸುವ ಮುಂಚೆ ಕಾಗುಣಿತ ನೋಡಿ. ‘ನಿರ್ಭಂದ’ ಎಂದು ಬಣ್ಣ ಹಚ್ಚಿದ ಬೋರ್ಡುಗಳು ಬೇಕಾದಷ್ಟಿವೆ. ಮಹಾಪ್ರಾಣ ಬರುವುದು ಕೊನೆಯ ಅಕ್ಷರಕ್ಕೆ: ನಿರ್ಬಂಧ. ನಿಷೇಧಕ್ಕೂ ಹಾಗೆಯೇ, ‘ನಿಶೇದ’ ಅಲ್ಲ. ‘ನಿಯಂತ್ರಣಗೊಳಿಸುವುದನ್ನು ಮಾಡಲಾಗುವುದು’ ಎಂಬ ಉದ್ದ ಬಾಲಕ್ಕೆ ‘ನಿಯಂತ್ರಿಸುತ್ತೇವೆ’ ಸಾಕು; ಯಾರು ಎಂಬುದೂ ಆಗ ಗೊತ್ತಾಗುತ್ತದೆ, ದಿನ ಕಳೆದ ಮೇಲೆ ಅವರನ್ನೇ ಕೇಳಬಹುದು.